ಮೇಜು ಕುಟ್ಟುವ ವಿಶ್ವವಿದ್ಯಾಲಯ

ಸುಳ್ಳು ಹೇಳಬೇಕೆಂದು ಚನ್ನಪ್ಪ ಬಾಯಿ ತೆರೆದವನೇ ಅಲ್ಲ. ಅವನು ಬಾಯಿ ತೆರೆದದ್ದು ಇಡ್ಲಿಗೆ. ಇಡ್ಲಿ ಒಳಗೆ ಹೋಗುವ ಮೊದಲೇ ಕಜೆಟನ್ ಒಂದು ಪ್ರಶ್ನೆ ಕೇಳಿಬಿಟ್ಟ. ತೆರೆದ ಬಾಯಿ ವ್ಯರ್ಥವಾಗಬಾರದೆಂದು ಸುಳ್ಳು ತಾನಾಗಿ ಹೊರಗೆ ಬಂತು.

ಕುವೈತಿನ ಕನ್ನಡಿಗರು ತಿಂಗಳಿಗೊಂದು ಶುಕ್ರವಾರ ಸೇರಿ ತಿಂಡಿ ತಿನ್ನುವ ಸಭಾಂಗಣ ಅದು. ಕಜೆಟನ್ ಮಂಗಳೂರಿನ ಕಡೆಯವನು, ಶರ್ಕ್‌ನ ಒಂದು ಆಫೀಸಿನಲ್ಲಿ ಕೆಲಸ, ಅಹ್ಮದಿಯಲ್ಲಿ ಚನ್ನಪ್ಪನ ಪಕ್ಕದ ಮನೆ. ಅವನ ಮಗ ಕ್ಲೇಟನ್‌ಗೆ ಇಂಗ್ಲೆಂಡಿನಲ್ಲಿ ಸೀಟು ಸಿಕ್ಕಿತ್ತು. ಆ ಕಾಲೇಜು ಎಂಟುನೂರು ವರ್ಷ ಹಳೆಯದು ಎನ್ನುವುದನ್ನು ಅವನು ಚಟ್ನಿ ಹಾಕಿಸಿಕೊಳ್ಳುವಾಗ ಒಮ್ಮೆ, ಸಾಂಬಾರು ಹಾಕಿಸಿಕೊಳ್ಳುವಾಗ ಒಮ್ಮೆ ಹೇಳಿಯಾಗಿತ್ತು.

“ನಿಮ್ಮ ಮಗಳು ಸ್ವಪ್ನಾ ಎಲ್ಲಿಗೆ ಹಾಕಿದ್ದು ಚನ್ನಪ್ಪರೇ, ಮೆಡಿಕಲ್‌ಗೆ?”

“ಮೊರಾವ್ನಿಕ್. ಯುರೋಪ.”

“ಎಂತದು ಅದು? ಹೆಸರೇ ಕೇಳಿದ್ದಿಲ್ಲವಲ್ಲ ಮಾರಾಯ್ರೆ. ಹೊಸತಾ?”

ಇಪ್ಪತ್ತೆರಡು ವರ್ಷ ತೈಲ ಕಂಪನಿಯಲ್ಲಿ ವಾಲ್ವು ಬಿಗಿ ಮಾಡಿದ ಚನ್ನಪ್ಪನಿಗೆ ಎಲ್ಲಿ ಎಷ್ಟು ಒತ್ತಡ ತಡೆಯುತ್ತದೆಂಬುದು ಗೊತ್ತಿತ್ತು. ತನ್ನ ಒತ್ತಡ ಮಾತ್ರ ಗೊತ್ತಿರಲಿಲ್ಲ.

“ಹೊಸಾದು ಅಂತೀರಿ? ರಾಜಾ ಕಟ್ಟಿಸಿದ್ದರೀ ಅದು. ಒಂಬತ್ತುನೂರು ವರ್ಷ ಆತು. ರಾಜಂದು ಹಲ್ಲು ನೋವು ಇಡೀ ಯುರೋಪಿನ್ಯಾಗ ಯಾರಿಗೂ ಬಗೀಹರೀಲಿಲ್ಲ. ಆ ಊರಿನ ವೈದ್ಯ ಒಬ್ಬಾಂವ ಕಿತ್ತ. ಆ ಖುಷಿಗೆ ಯುನಿವರ್ಸಿಟಿ ಕಟ್ಟಿಸಿದ. ಆ ಹಲ್ಲು ಇನ್ನೂ ಬಂಗಾರದ ಡಬ್ಬಿಯೊಳಗ ಐತಿ. ಪಾಸಾದವರು ಅದಕ್ಕ ಕೈ ಮುಗುದು ಹೊರಗ ಬರಬೇಕು.”

ಪಕ್ಕದಲ್ಲಿದ್ದ ಸಂಘದ ಅಧ್ಯಕ್ಷ ಸಿದ್ದಲಿಂಗೇಶ ಚಮಚ ಕೆಳಗಿಟ್ಟ. ಅಧ್ಯಕ್ಷರು ಚಮಚ ಕೆಳಗಿಟ್ಟರೆಂದರೆ ಮಾತು ತೂಕದ್ದಾಯಿತೆಂದು ಅರ್ಥ. ಚನ್ನಪ್ಪ ಹುರುಪುಗೊಂಡು ಕೊನೆಯ ಬಾಣ ಬಿಟ್ಟ: “ಮತ್ತ ಅಲ್ಲಿ ಯಾರೂ ಚಪ್ಪಾಳಿ ತಟ್ಟಂಗಿಲ್ಲ. ಮೇಜು ಕುಟ್ಟತಾರ. ಹಿಂಗ, ಗೆಣ್ಣಿನಿಂದ, ಮೂರು ಸಲ.”

ಇಷ್ಟರಲ್ಲಿ ನಿಜವಾದದ್ದು ಮೇಜು ಕುಟ್ಟುವುದೊಂದೇ. ವಿಶ್ವವಿದ್ಯಾಲಯದ ಚರಿತ್ರೆ, ಸಂಪ್ರದಾಯಗಳ ಬಗ್ಗೆ ನಾಲ್ಕು ನಿಮಿಷದ ವಿಡಿಯೋವನ್ನು ಸ್ವಪ್ನಾ ಅಪ್ಪನ ಫೋನಿಗೆ ಕಳಿಸಿದ್ದಳು. ಬಿಳಿ ಗಡ್ಡದ ಹಳೆಯ ಕುಲಪತಿಗಳ ಚಿತ್ರ ಬಂತು, ವಿದ್ಯಾರ್ಥಿಗಳು ಮೇಜು ಕುಟ್ಟಿದರು. ಯಾಕೆ ಕುಟ್ಟುತ್ತಾರೆಂದು ಹೇಳುವಷ್ಟರಲ್ಲಿ ಕಂಪನಿಯ ಬಸ್ಸು ಬಂದುಬಿಟ್ಟಿತು. ಉಳಿದ ಎರಡು ನಿಮಿಷವನ್ನು ಚನ್ನಪ್ಪ ತನ್ನ ಕೈಯಿಂದಲೇ ತುಂಬಿಸಿಕೊಂಡಿದ್ದ.

ಸುಳ್ಳಿಗೆ ಕಾಲಿಲ್ಲ ಎನ್ನುತ್ತಾರೆ. ಕುವೈತಿನಲ್ಲಿ ಅದಕ್ಕೆ ವಾಟ್ಸ್ಯಾಪ್ ಉಂಟು. ಸಂಜೆಯೊಳಗೆ ರಾಜನ ಹಲ್ಲು ಸಂಘದ ಗ್ರೂಪಿನಲ್ಲಿ ಓಡಾಡಿತು. ಮರುದಿನ ಒಬ್ಬರು ಅದು ದವಡೆ ಹಲ್ಲೋ ಮುಂದಿನ ಹಲ್ಲೋ ಎಂದು ಕೇಳಿದರು. ಚನ್ನಪ್ಪ ಯೋಚಿಸಿ, ದವಡೆ ಎಂದು ಬರೆದ.

ಮೂರನೆಯ ದಿನ ಮೊರಾವ್ನಿಕ್‌ನಿಂದ ನಿಜವಾದ ಪತ್ರ ಬಂತು.

ಸ್ವಪ್ನಾ ಲ್ಯಾಪ್‌ಟಾಪ್ ಎತ್ತಿಕೊಂಡು ಹಾಲ್‌ಗೆ ಓಡಿ ಬಂದಳು. ಗಲ್ಫಿನಿಂದ ಬಂದ ಅರ್ಜಿಗಳಲ್ಲಿ ಇಬ್ಬರಿಗೆ ಮಾತ್ರ ಸೀಟು. ಪ್ರೊಫೆಸರ್ ಎಂ. ಕೊವಾಲಿಕ್ ಸ್ವತಃ ಕುವೈತಿಗೆ ಬರುತ್ತಾರೆ. ಹಳೆಯ ಸಂಪ್ರದಾಯದಂತೆ ಪರೀಕ್ಷಕರು ಅರ್ಜಿ ಹಾಕಿದವರ ಮನೆಯಲ್ಲೇ ಒಂದು ಊಟ ಮಾಡಿ, ಒಂದೇ ಒಂದು ಪ್ರಶ್ನೆ ಕೇಳಿ, ಅಲ್ಲೇ ತೀರ್ಮಾನ ಹೇಳುತ್ತಾರೆ. ಬರುವ ಶುಕ್ರವಾರ, ಮಧ್ಯಾಹ್ನ ಹನ್ನೆರಡೂವರೆ. ಯಾವ ವಿಶೇಷ ಸಿದ್ಧತೆಯೂ ಬೇಡ.

“ಅಪ್ಪಾ, ನೋ ಸ್ಪೆಷಲ್ ಅರೇಂಜ್‌ಮೆಂಟ್ಸ್ ಅಂತ ಬರದಾರ. ಪ್ಲೀಸ್, ಸಿಂಪಲ್ ಇರ್ಲಿ.”

“ನಿನಗ ತಿಳಿಯಂಗಿಲ್ಲವಾ. ನಮ್ಮ ಕಡೆ ಮದುವಿ ಕಾರ್ಡಿನ್ಯಾಗ ‘ಉಡುಗೊರೆ ಬೇಡ’ ಅಂತ ಅಚ್ಚು ಹಾಕಸ್ತಾರಲ್ಲ, ಹಂಗಿದು.”

ಸ್ವಪ್ನಾಗೆ ಮೂರು ಕಡೆಯಿಂದ ಇಲ್ಲ ಎಂದು ಬಂದಾಗಿತ್ತು. ಉಳಿದದ್ದು ಇದೊಂದೇ ಬಾಗಿಲು. ಅದು ಚನ್ನಪ್ಪನಿಗೂ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಅವನು ಮುಂದಿನ ನಾಲ್ಕು ದಿನ ಯಾರನ್ನೂ ನೆಮ್ಮದಿಯಾಗಿರಲು ಬಿಡಲಿಲ್ಲ.

ಮೊದಲನೆಯದಾಗಿ, ರಾಜನ ಹಲ್ಲಿನ ಚರಿತ್ರೆಯನ್ನು ಎರಡು ಪುಟ ಬರೆದು ಬಾಯಿಪಾಠ ಮಾಡಲು ಮಗಳಿಗೆ ಕೊಟ್ಟ. ಸ್ವಪ್ನಾ ಅದನ್ನು ಓದಿ, ಅಪ್ಪನ ಮುಖ ನೋಡಿ, ಮತ್ತೆ ಓದಿದಳು. “ಅಪ್ಪಾ, ದಿಸ್ ಇಸ್ ನಾಟ್ ಟ್ರೂ.”

“ಅವರಿಗೇ ಮರ್ತು ಹೋಗಿರ್ತೈತಿ. ಕೇಳಿದ್ರ ಖುಷಿ ಆಗ್ತಾರ.”

ಎರಡನೆಯದಾಗಿ, ಪ್ರೊಫೆಸರು ಬಂದಾಗ ಮೇಜು ಕುಟ್ಟಿ ಸ್ವಾಗತಿಸಲು ಕಜೆಟನ್ ಮತ್ತು ಸಿದ್ದಲಿಂಗೇಶ ಇಬ್ಬರನ್ನೂ ಕರೆದು ತಾಲೀಮು ಕೊಟ್ಟ. ಸಿದ್ದಲಿಂಗೇಶನದು ಲಯ ತಪ್ಪುತ್ತಿತ್ತು. ಊರಲ್ಲಿ ಭಜನೆಗೆ ತಾಳ ಹಾಕಿದ ಕೈ. ಮೂರಕ್ಕೆ ನಿಲ್ಲುತ್ತಲೇ ಇರಲಿಲ್ಲ.

ಮೂರನೆಯದು ಊಟ. ಯುರೋಪಿನವರಿಗೆ ಖಾರ ಆಗದು, ಬೇಯಿಸಿದ ತರಕಾರಿಯೇ ಸಾಕು ಎಂದು ಚನ್ನಪ್ಪ ಅಪ್ಪಣೆ ಮಾಡಿದ. ವಿಸಿಟ್ ವೀಸಾದ ಮೇಲೆ ಬಂದಿದ್ದ ಅವನ ತಾಯಿ ನಿಂಗವ್ವ ಸೊಂಟದ ಮೇಲೆ ಕೈಯಿಟ್ಟಳು.

“ಬರೇ ಕುದಿಸಿದ್ದು ಬಾಣಂತಿಗೂ ಹಾಕಂಗಿಲ್ಲೋ ಚನ್ನ್ಯಾ. ಮನಿಗೆ ಬಂದಾಂವ ಏನು ಪಾಪ ಮಾಡ್ಯಾನ? ನಾ ರೊಟ್ಟಿ ಬಡೀತೀನಿ. ಎಣ್ಣಿಗಾಯಿ ಪಲ್ಲೆ, ಶೇಂಗಾ ಚಟ್ನಿ. ತಿಂದ್ರ ತಿನ್ಲಿ, ಬಿಟ್ರ ನಾವದೀವಿ.”

ಅತ್ತೆಯ ಬೆನ್ನಿಗೆ ಹೆಂಡತಿ ಕಾಂಚನಾ ನಿಂತಳು. ನಿಂತವಳು ಸುಮ್ಮನಿರದೆ ಕೇಳಿದಳು: “ಅಲ್ರೀ, ಬರೋರು ಗಂಡಸರೋ ಹೆಂಗಸರೋ, ಗೊತ್ತೈತೇನು?”

“ಗೋಡಿ ಮ್ಯಾಲಿನ ಫೋಟೋ ನೋಡಿಲ್ಲೇನು ವಿಡಿಯೋದಾಗ? ಎಲ್ಲಾರ್ದೂ ಎದಿ ಮಟ ಬಿಳಿ ಗಡ್ಡ. ಗಡ್ಡ ಇಲ್ಲದ ಪ್ರೊಫೆಸರ್ ಯುರೋಪಿನ್ಯಾಗ ಹುಟ್ಟೇ ಇಲ್ಲ.”

ಅಡುಗೆಗೆ ಕೈ ಸಾಲದೆಂದು ಕಾಂಚನಾ ಕಜೆಟನ್ನನ ಹೆಂಡತಿ ರೋಸಲಿನ್‌ಗೆ ಹೇಳಿದ್ದಳು. ನರ್ಸ್ ಆಗಿದ್ದ ರೋಸಲಿನ್, ಆಸ್ಪತ್ರೆಗೆ ಹೊಸದಾಗಿ ಬಂದ ತನ್ನ ಗೆಳತಿಯೊಬ್ಬಳನ್ನು ಕಳಿಸುವುದಾಗಿ ಮಾತು ಕೊಟ್ಟಿದ್ದಳು. ಕನ್ನಡ ಬರುವುದಿಲ್ಲ, ಆದರೆ ಕೈ ಚುರುಕು ಎಂದಿದ್ದಳು.

ಶುಕ್ರವಾರ ಹನ್ನೆರಡು ಹೊಡೆಯಿತು. ಹೊರಗೆ ಬಿಸಿಲು ಬಾಣಲೆಯಂತೆ ಕಾದಿತ್ತು. ರೇಷ್ಮೆ ಸೀರೆ ಉಡಿಸಿ, ಎರಡು ಪುಟ ಚರಿತ್ರೆಯ ಜೊತೆ ಸ್ವಪ್ನಾಳನ್ನು ಒಳಗಿನ ಕೋಣೆಯಲ್ಲಿ ಕೂರಿಸಲಾಯಿತು. ಕರೆಯುವವರೆಗೆ ಬರಕೂಡದು. ಸಿದ್ದಲಿಂಗೇಶ ಟೈ ಕಟ್ಟಿಕೊಂಡು, ಹೂಗುಚ್ಛ ಹಿಡಿದು, ಸೋಫಾದ ಪಕ್ಕ ನಿಂತ. ಕಜೆಟನ್ ಎದುರಿನ ಕುರ್ಚಿಯಲ್ಲಿ ಕೂತ.

ಆಗ ಅಡುಗೆಮನೆಯ ಕಡೆ ಟ್ಯಾಕ್ಸಿ ನಿಂತಿತು. ನಲವತ್ತೈದರ ಆಸುಪಾಸಿನ ಹೆಂಗಸೊಬ್ಬಳು ಇಳಿದಳು. ಹತ್ತಿ ಬಟ್ಟೆ, ಹಿಂದಕ್ಕೆ ಬಿಗಿದ ಕೂದಲು, ಹೆಗಲಿಗೊಂದು ಬಟ್ಟೆಯ ಚೀಲ. ಗಡ್ಡದ ದಾರಿ ನೋಡುತ್ತಿದ್ದ ಚನ್ನಪ್ಪ ಒಂದೇ ನೋಟಕ್ಕೆ ತೀರ್ಮಾನಿಸಿದ: ರೋಸಲಿನ್ ಕಳಿಸಿದ ಕೈಚುರುಕಿನವಳು.

“ಗುಡ್ ಆಫ್ಟರ್‌ನೂನ್,” ಎಂದಳು ಅವಳು. “ಐ ಆಮ್...”

“ಯೆಸ್, ಯೆಸ್, ಐ ನೋ. ಲೇಟ್ ಆತು. ಕಿಚನ್ ದಿಸ್ ಸೈಡ್. ಯಲ್ಲಾ, ಯಲ್ಲಾ,” ಎಂದು ಅರಬ್ಬಿಯಲ್ಲಿ ಅವಸರಿಸಿದ.

ಅವಳು ಒಂದು ಗಳಿಗೆ ಅವನನ್ನೇ ನೋಡಿದಳು. ಮುಖ ತಟ್ಟನೆ ಅರಳಿತು. “ಸ್ಟ್ರೇಟ್ ಟು ದ ಕಿಚನ್?”

“ಸ್ಟ್ರೇಟ್. ಫಸ್ಟ್ ಕಿಚನ್. ನೋ ಹಾಲ್.”

ಇಷ್ಟು ಖುಷಿಯಿಂದ ಅಡುಗೆಮನೆಗೆ ಹೋದ ಕೆಲಸದವರನ್ನು ಚನ್ನಪ್ಪ ಜನ್ಮದಲ್ಲಿ ಕಂಡಿರಲಿಲ್ಲ. ಒಳಗೆ ನಿಂಗವ್ವ ಅವಳ ಕೈಗೊಂದು ಹಿಟ್ಟಿನ ಉಂಡೆ ಕೊಟ್ಟು, “ಹಿಂಗ ಬಡಿಯವಾ, ಹಿಂಗ” ಎನ್ನುವುದು ಕೇಳಿಸಿತು. ಆಮೇಲೆ ಟಪ್ ಟಪ್ ಸದ್ದು ಒಂದಲ್ಲ, ಎರಡು ಜೊತೆ ಕೈಯಿಂದ.

ಹನ್ನೆರಡೂ ಇಪ್ಪತ್ತೈದಕ್ಕೆ ಮುಂಬಾಗಿಲ ಗಂಟೆ ಬಡಿಯಿತು. ಚನ್ನಪ್ಪ ತೆರೆದ. ಹೊಸ್ತಿಲಲ್ಲಿ ಗಡ್ಡ ನಿಂತಿತ್ತು.

ಎಂಥ ಗಡ್ಡ. ಬೆಳ್ಳಗೆ, ದಟ್ಟವಾಗಿ, ಎದೆಯವರೆಗೆ. ಅದರ ಹಿಂದೆ ಆರಡಿ ಎತ್ತರದ ಯುರೋಪಿನ ಗೃಹಸ್ಥರೊಬ್ಬರು ಬೆವರು ಒರೆಸಿಕೊಳ್ಳುತ್ತಿದ್ದರು.

“ಹಲೋ. ಐ ಕಾಲ್ಡ್ ಬಿಫೋರ್. ಮೇ ಐ ಸೀ?”

“ಕಮ್ ಸರ್, ಕಮ್. ಆಲ್ ವೇಟಿಂಗ್ ಸರ್.”

ಸಿದ್ದಲಿಂಗೇಶ ಹೂಗುಚ್ಛ ಕೊಟ್ಟ. ಅವರು ಅದನ್ನು ಹಿಡಿದುಕೊಂಡು ಎಲ್ಲರ ಮುಖವನ್ನೂ ಅನುಮಾನದಿಂದ ನೋಡಿದರು. ಆಮೇಲೆ ಅವರ ಕಣ್ಣು ಸೋಫಾದ ಮೇಲೆ ನೆಟ್ಟಿತು. “ದಿಸ್?”

“ಯೆಸ್ ಸರ್. ಸಿಟ್ ಸರ್.”

ಅವರು ಕೂತರು. ಕೂತಲ್ಲೇ ಎರಡು ಸಲ ಕುಪ್ಪಳಿಸಿದರು. ಕಜೆಟನ್ ಚನ್ನಪ್ಪನ ಮುಖ ನೋಡಿದ. ಚನ್ನಪ್ಪ, ಇದೂ ಒಂದು ಸಂಪ್ರದಾಯವೆಂಬಂತೆ ಕಣ್ಣು ಮುಚ್ಚಿ ತಲೆಯಾಡಿಸಿದ. ಕೂಡಲೇ ಕಜೆಟನ್ ತನ್ನ ಕುರ್ಚಿಯಲ್ಲಿ ಎರಡು ಸಲ ಕುಪ್ಪಳಿಸಿದ. ಹಿಂದೆ ಬೀಳಬಾರದೆಂದು ಅಧ್ಯಕ್ಷರೂ ಕುಪ್ಪಳಿಸಿದರು, ನಿಂತಲ್ಲೇ.

ಗಡ್ಡದವರು ಸ್ವಲ್ಪ ಸರಿದು ಕೂತು, ಸೋಫಾದ ಮರದ ಕೈಯನ್ನು ಗೆಣ್ಣಿನಿಂದ ಕುಟ್ಟಿ ನೋಡಿದರು. ಟಕ್, ಟಕ್, ಟಕ್.

ಚನ್ನಪ್ಪನ ಮೈ ಜುಮ್ಮೆಂದಿತು. ಮೂರು ಸಲ. ಲೆಕ್ಕ ಹಾಕಿದಂತೆ ಮೂರು. ಅವನು ಕಣ್ಸನ್ನೆ ಮಾಡಿದ್ದೇ ತಡ, ಟೀಪಾಯಿಯ ಮೇಲೆ ಮೂವರ ಗೆಣ್ಣುಗಳೂ ಬಿದ್ದವು. ಸಿದ್ದಲಿಂಗೇಶನದು ಎಂಟರವರೆಗೆ ಹೋಯಿತು.

ಗಡ್ಡದವರು ಬಾಗಿಲು ಎಲ್ಲಿದೆಯೆಂದು ಒಮ್ಮೆ ತಿರುಗಿ ನೋಡಿಕೊಂಡರು.

“ವಾಟರ್,” ಎಂದು ಚನ್ನಪ್ಪ ಒಳಗೆ ಕೂಗಿದ. ಹತ್ತಿ ಬಟ್ಟೆಯ ಹೆಂಗಸು ನೀರಿನ ತಟ್ಟೆ ಹಿಡಿದು ಬಂದಳು. ಮೊಣಕೈವರೆಗೆ ಜೋಳದ ಹಿಟ್ಟು. ಬಂದವಳು ಹೋಗದೆ, ಮೂವರು ಮೇಜು ಕುಟ್ಟಿದ್ದನ್ನು ಕೇಳಿ ಬಹಳ ಸಂತೋಷವಾದವಳಂತೆ ನಿಂತಳು. ಚನ್ನಪ್ಪನಿಗೆ ರೇಗಿತು. “ಖಲಾಸ್, ಗೋ, ಗೋ. ಪ್ರೊಫೆಸರ್ ಇಸ್ ಸಿಟಿಂಗ್.” ಅವಳು ಗಡ್ಡದವರನ್ನು ಕುತೂಹಲದಿಂದ ನೋಡುತ್ತ ಒಳಗೆ ಹೋದಳು.

ಅಷ್ಟರಲ್ಲಿ ಗಡ್ಡದವರು ನೆಲಕ್ಕೆ ಮಂಡಿಯೂರಿ ಸೋಫಾದ ಅಡಿಗೆ ತಲೆ ಹಾಕಿದ್ದರು.

“ಇದು ಎಂತದು ಈಗ?” ಎಂದು ಕಜೆಟನ್ ಪಿಸುಗುಟ್ಟಿದ.

“ಒಳಗ ಅಡಗಿದ್ದ ರೋಗ ಹುಡಕೋದು. ಹಳೇ ಪದ್ಧತಿ.”

“ಸ್ವಪ್ನಾ ಒಳಗಿನ ಕೋಣೆಯಲ್ಲಿ ಇದ್ದಾಳಲ್ಲ, ಸೋಫಾದ ಅಡಿಯಲ್ಲಿ ಎಂತ ರೋಗ?”

ಗಡ್ಡದವರು ಎದ್ದು, ಸೋಫಾದ ಒಂದು ಬದಿ ಎತ್ತಿ ಹಿಡಿಯುವಂತೆ ಸನ್ನೆ ಮಾಡಿದರು. ಚನ್ನಪ್ಪ ಓಡಿಹೋಗಿ ಎತ್ತಿದ. ವಾಲ್ವು ತಿರುಗಿಸಿದ ಕೈ, ತೂಕ ತಡೆಯಿತು. ಆದರೆ ಗಡ್ಡದವರು ಅಡಿಯ ಮರವನ್ನು ಮತ್ತೆ ಟಕ್ ಟಕ್ ಟಕ್ ಎಂದು ಕುಟ್ಟಿದಾಗ, ಸಂಪ್ರದಾಯ ತಪ್ಪಬಾರದೆಂದು ಉತ್ತರ ಕೊಡಲು ಅವನು ಒಂದು ಕೈ ಬಿಟ್ಟ.

ಸೋಫಾ ನೇರ ಅವನ ಬಲಗಾಲಿನ ಮೇಲೆ ಇಳಿಯಿತು.

“ಸ್ವಪ್ನಾ,” ಎಂದು ಚನ್ನಪ್ಪ ಕೂಗಿದ ಕೂಗಿಗೆ ಬೀದಿಯ ಬೆಕ್ಕುಗಳೆಲ್ಲ ಅಹ್ಮದಿ ಬಿಟ್ಟು ಹೋದವು. “ಸ್ವಪ್ನಾ, ಬಾರವಾ, ನನ್ನ ಕಾಲು.”

ಸಿದ್ದಲಿಂಗೇಶ ಗಡ್ಡದವರ ತೋಳು ಹಿಡಿದ. “ಸರ್, ಪ್ರೊಫೆಸರ್ ಸರ್, ಪ್ಲೀಸ್ ಸೀ ಹಿಸ್ ಲೆಗ್.” ಅವರು ಹೂಗುಚ್ಛವನ್ನು ಎದೆಗೆ ಅವಚಿಕೊಂಡು ಗೋಡೆಗೆ ಸರಿದರು. ಕಜೆಟನ್ ಪತ್ರಿಕೆಯಿಂದ ಗಾಳಿ ಹಾಕತೊಡಗಿದ.

ಸ್ವಪ್ನಾ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಬಂದಳು. ಚರಿತ್ರೆಯ ಎರಡು ಪುಟ ದಾರಿಯಲ್ಲೇ ಬಿದ್ದವು. “ಅಂಕಲ್, ಗಾಳಿ ಹಾಕೋದು ಸಾಕು, ಸೋಫಾ ಎತ್ತಿ. ಅಪ್ಪಾ, ನನ್ನ ಕಡೆ ನೋಡ್ರಿ. ಕಾಲು ನೋಡಬ್ಯಾಡ್ರಿ, ನನ್ನ ನೋಡ್ರಿ. ಬೆರಳು ಅಲ್ಲಾಡಸ್ರಿ. ಹಾಂ. ಇದು? ಇದು ಮುಟ್ಟಿದ್ದು ಗೊತ್ತಾಗತೈತೇನು? ಅಮ್ಮಾ, ಫ್ರೀಜರಿನ್ಯಾಗ ಬಟಾಣಿ ಪ್ಯಾಕೆಟ್ ಐತಿ, ಟವೆಲಿನ್ಯಾಗ ಸುತ್ತಿ ಕೊಡು.”

ಮನೆಯಲ್ಲಿ ಕನ್ನಡಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದ ಹುಡುಗಿ ಒಂದು ಇಂಗ್ಲಿಷ್ ವಾಕ್ಯವನ್ನೂ ಆಡದೆ ಅಪ್ಪನನ್ನು ಅದೇ ಸೋಫಾದ ಮೇಲೆ ಕೂರಿಸಿ, ಕಾಲನ್ನು ದಿಂಬಿನ ಮೇಲೇರಿಸಿ, ತಣ್ಣನೆಯ ಬಟಾಣಿ ಇಟ್ಟಳು. ಅವಳ ಪಕ್ಕದಲ್ಲಿ ಹಿಟ್ಟಿನ ಕೈಗಳೆರಡು ಬಂದವು. ಹತ್ತಿ ಬಟ್ಟೆಯ ಹೆಂಗಸು ಮಂಡಿಯೂರಿ, ಪಾದದ ಒಂದೊಂದೇ ಎಲುಬನ್ನು ಒತ್ತಿ ನೋಡಿ ಇಂಗ್ಲಿಷಿನಲ್ಲಿ ಹೇಳಿದಳು: “ಮುರಿದಿಲ್ಲ. ಜಜ್ಜಿದೆ, ಅಷ್ಟೇ. ಹುಡುಗಿ ಸರಿಯಾಗಿ ಮಾಡಿದ್ದಾಳೆ.”

“ಯು ಗೋ ಕಿಚನ್,” ಎಂದು ಚನ್ನಪ್ಪ ನರಳಿದ. “ಪ್ರೊಫೆಸರ್ ವಿಲ್ ಸೀ.”

“ನಾನು ಪ್ರೊಫೆಸರ್ ಅಲ್ಲ,” ಎಂದಿತು ಗೋಡೆಯ ಕಡೆಯಿಂದ ಗಡ್ಡ. “ಬಂದರಿನಲ್ಲಿ ಕ್ರೇನು ರಿಪೇರಿ ಮಾಡುತ್ತೇನೆ. ಸೋಫಾ ಮಾರಾಟಕ್ಕಿದೆ ಅಂತ ಆನ್‌ಲೈನ್‌ನಲ್ಲಿ ನೋಡಿ ಬಂದೆ. ಫೋಟೋದಲ್ಲಿ ಅದು ನೀಲಿ ಇತ್ತು.”

ಕಜೆಟನ್ ಹಣೆ ಚಚ್ಚಿಕೊಂಡ. “ಅಯ್ಯೋ, ಅದು ನನ್ನ ಸೋಫಾ ಮಾರಾಯ್ರೆ. ಸಂಜೆ ಬರ್ತೇನೆ ಅಂತ ಹೇಳಿದ್ದಲ್ವಾ ಇವರು.”

ಅದೇ ಹೊತ್ತಿಗೆ ಕಾಂಚನಾಳ ಫೋನು ಬಡಿದುಕೊಂಡಿತು. ರೋಸಲಿನ್. ಗೆಳತಿಗೆ ಡ್ಯೂಟಿ ಬಂದುಬಿಟ್ಟಿದೆ, ಬರಲಾಗುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಕಾಂಚನಾ ಫೋನು ಕೆಳಗಿಳಿಸಿ, ಹಿಟ್ಟಿನ ಕೈಯವಳನ್ನು ನೋಡಿದಳು. “ಹಂಗಾದ್ರ ಇವ್ರು ಯಾರು?”

ಹಿಟ್ಟಿನ ಕೈ ಬಟ್ಟೆಯ ಚೀಲಕ್ಕೆ ಹೋಗಿ ಒಂದು ಲಕೋಟೆ ತೆಗೆಯಿತು. ಅದರ ಮೇಲೆ ಮೊರಾವ್ನಿಕ್‌ನ ಮುದ್ರೆ ಇತ್ತು. “ಕೊವಾಲಿಕ್,” ಎಂದರು ಅವರು. “ಬಾಗಿಲಲ್ಲೇ ಹೇಳಲು ಹೊರಟಿದ್ದೆ.”

ಚನ್ನಪ್ಪನ ತಲೆಯಲ್ಲಿ ಯಲ್ಲಾ, ಲೇಟ್, ಖಲಾಸ್, ಗೋ ಗೋ ಎಂಬ ತನ್ನ ಮಾತುಗಳು ಸಾಲಾಗಿ ಮೆರವಣಿಗೆ ಹೊರಟವು. ಎದ್ದು ಕೈ ಮುಗಿಯಲು ಹೋದ, ಕಾಲು ಒಪ್ಪಲಿಲ್ಲ, ಬಟಾಣಿಯ ಸಮೇತ ಸೋಫಾಕ್ಕೆ ಮರಳಿದ. ಸ್ವಪ್ನಾಳ ಮುಖ ಬಿಳುಪೇರಿತ್ತು. ಉಳಿದಿದ್ದ ಒಂದೇ ಬಾಗಿಲನ್ನು ಅಪ್ಪನೇ ಮುಚ್ಚಿ, ಚಿಲಕ ಹಾಕಿ, ಅದರ ಮೇಲೆ ಸೋಫಾ ಇಟ್ಟಂತಾಗಿತ್ತು.

ಮೊದಲು ಮಾತಾಡಿದವಳು ನಿಂಗವ್ವ. ಯಾರೋ ವಿಷಯ ತಿಳಿಸಿದ ಮೇಲೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. “ಪ್ರೊಫೆಸರ್ ಆದ್ರ ಏನಾತು, ರೊಟ್ಟಿ ದುಂಡಗ ಬರವಲ್ದು ಆಕೀಗೆ. ಆದ್ರೂ ಮೂರನೇದು ಅಡ್ಡಿಯಿಲ್ಲ. ಕಲೀತಾಳ.”

ಸ್ವಪ್ನಾ ಅದನ್ನು ಅನುವಾದಿಸಿದಳು. ಪ್ರೊಫೆಸರ್ ಕೊವಾಲಿಕ್ ಜೋರಾಗಿ ನಕ್ಕರು. ನಕ್ಕು, ಚನ್ನಪ್ಪನ ಕಡೆ ತಿರುಗಿದರು.

“ಹನ್ನೆರಡು ವರ್ಷದಿಂದ ಮನೆ ಮನೆಗೆ ಹೋಗುತ್ತಿದ್ದೇನೆ. ಎಲ್ಲರೂ ನನ್ನನ್ನು ಹಾಲ್‌ನಲ್ಲಿ ಕೂರಿಸುತ್ತಾರೆ, ಬೆಳ್ಳಿ ಚಮಚ ತೆಗೆಯುತ್ತಾರೆ. ನಮ್ಮ ಚರಿತ್ರೆಯನ್ನು ಯಾರೂ ಪೂರ್ತಿ ನೋಡುವುದೇ ಇಲ್ಲ. ಪ್ಲೇಗಿನ ವರ್ಷ ಆಸ್ಪತ್ರೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನಮ್ಮ ಮೊದಲ ಪಾಠ ನಡೆದದ್ದು ಅಡುಗೆಮನೆಯಲ್ಲಿ, ಅಲ್ಲಿದ್ದ ಅಡುಗೆಯವಳ ಅನುಮತಿ ಪಡೆದು. ರೋಗಿಗಳಿಗೆ ರೊಟ್ಟಿಯ ಹಿಟ್ಟು ನಾದುತ್ತಲೇ ವಿದ್ಯಾರ್ಥಿಗಳು ಪಾಠ ಕೇಳುತ್ತಿದ್ದರು. ಕೈತುಂಬ ಹಿಟ್ಟು, ಚಪ್ಪಾಳೆ ತಟ್ಟಿದರೆ ಗುರುಗಳ ಗಡ್ಡಕ್ಕೆಲ್ಲ ಹಾರುತ್ತಿತ್ತು. ಅದಕ್ಕೇ ಗೆಣ್ಣಿನಿಂದ ಮೇಜು ಕುಟ್ಟಿದರು. ಇವತ್ತಿಗೂ ಕುಟ್ಟುತ್ತೇವೆ.” ಅವರು ತಮ್ಮ ಹಿಟ್ಟಿನ ಕೈ ಎತ್ತಿ ತೋರಿಸಿದರು. “ಬಂದವಳನ್ನು ನೇರ ಅಡುಗೆಮನೆಗೆ ಕಳಿಸಿದ ಮೊದಲ ತಂದೆ ನೀವು.”

ಚನ್ನಪ್ಪನ ಬಾಯಿ ತೆರೆದುಕೊಂಡಿತು. ಈ ಸಲ ಏನೂ ಹೊರಗೆ ಬರುವ ಮೊದಲೇ ಕಾಂಚನಾ ಅವನ ತೋಳು ಚಿವುಟಿದಳು.

“ಥ್ಯಾಂಕ್ಯೂ ಮೇಡಂ,” ಎಂದ, ಕಣ್ಣಲ್ಲಿ ನೀರು ತುಂಬಿಕೊಂಡು. ನೀರು ಬಂದದ್ದು ಸಂತೋಷಕ್ಕೋ ಚಿವುಟಿದ್ದಕ್ಕೋ ಕಾಲಿಗೋ, ಹೇಳುವುದು ಕಷ್ಟ.

“ಮೇಡಂ,” ಎಂದಳು ಸ್ವಪ್ನಾ ತಡೆಯಲಾರದೆ. “ಅಪ್ಪ ವಿಡಿಯೋ ಪೂರ್ತಿ ನೋಡಿಲ್ಲ. ನೀವು ಬೇರೆ ಯಾರೋ ಅಂದುಕೊಂಡು ಒಳಗೆ ಕಳಿಸಿದರು. ನಿಜ ಹೇಳಿಬಿಡುವುದು ಒಳ್ಳೆಯದು ಅನಿಸಿತು.”

ಚನ್ನಪ್ಪ ಕಣ್ಣು ಮುಚ್ಚಿದ. ಇಪ್ಪತ್ತೆರಡು ವರ್ಷದಲ್ಲಿ ಎಷ್ಟೋ ಸೋರಿಕೆ ನಿಲ್ಲಿಸಿದವನಿಗೆ ಮನೆಯ ಸತ್ಯ ಸೋರಿದ್ದನ್ನು ತಡೆಯಲಾಗಲಿಲ್ಲ.

“ಗೊತ್ತು,” ಎಂದರು ಪ್ರೊಫೆಸರ್. “‘ಗೋ ಗೋ’ ಅಂದಾಗಲೇ ಅನುಮಾನ ಬಂದಿತ್ತು. ಆದರೆ ಒಳಗೆ ಎರಡನೆಯ ರೊಟ್ಟಿ ಅರ್ಧಕ್ಕೆ ನಿಂತಿತ್ತು. ಬಿಟ್ಟು ಬರಲು ನಿಮ್ಮ ಅಜ್ಜಿ ಬಿಡಲಿಲ್ಲ. ಇನ್ನು ನನ್ನ ಪ್ರಶ್ನೆ. ಅದು ಯಾವಾಗಲೂ ಒಂದೇ: ನಿಮ್ಮ ಮನೆಯಲ್ಲಿ ಯಾರಿಗಾದರೂ ನೋವಾದರೆ ಮೊದಲು ಯಾರನ್ನು ಕರೆಯುತ್ತಾರೆ?”

ಸ್ವಪ್ನಾ ಬಾಯಿ ತೆರೆದಳು. ಪ್ರೊಫೆಸರ್ ಕೈ ಎತ್ತಿ ತಡೆದರು. “ಕೇಳಬೇಕಾಗಿಯೇ ಇಲ್ಲ. ಪ್ರೊಫೆಸರ್ ಎಂದು ನಂಬಿದವರು ಎದುರಿಗೇ ಇದ್ದರು. ಆದರೂ ನಿಮ್ಮ ತಂದೆ ಕೂಗಿದ ಹೆಸರು ಇಡೀ ಬೀದಿಗೆ ಕೇಳಿತು.”

ಅವರು ಎದ್ದು ಅಡುಗೆಮನೆಗೆ ಹೋದರು. ನಿಂಗವ್ವನ ರೊಟ್ಟಿ ಹಲಗೆಯ ಮುಂದೆ ನಿಂತು, ಹಿಟ್ಟಿನ ಗೆಣ್ಣುಗಳಿಂದ ಕುಟ್ಟಿದರು. ಟಕ್. ಟಕ್. ಟಕ್.

ಸ್ವಪ್ನಾ ಅಪ್ಪನ ಕುತ್ತಿಗೆಗೆ ಜೋತುಬಿದ್ದಳು. ಕಜೆಟನ್ ಕುರ್ಚಿ ಕುಟ್ಟಿದ, ಕಾಂಚನಾ ಬಾಗಿಲು ಕುಟ್ಟಿದಳು, ಸಿದ್ದಲಿಂಗೇಶ ಭಜನೆಯನ್ನೇ ಶುರು ಹಚ್ಚಿಕೊಂಡ. ಕ್ರೇನಿನವರೂ ಸೋಫಾದ ಮರವನ್ನು ಮನಸಾರೆ ಕುಟ್ಟಿ, ಗಟ್ಟಿ ಮರ, ನೀಲಿಗಿಂತ ಇದೇ ವಾಸಿ ಎಂದರು. ಆಮೇಲೆ ಎಲ್ಲರೂ ಉಂಡರು. ಪ್ರೊಫೆಸರ್ ಶೇಂಗಾ ಚಟ್ನಿಯನ್ನು ಮೂರು ಸಲ ಹಾಕಿಸಿಕೊಂಡರು. ಬೇಯಿಸಿದ ತರಕಾರಿಯನ್ನು ಯಾರೂ ಮುಟ್ಟಲಿಲ್ಲ.

ಮುಂದಿನ ತಿಂಗಳ ತಿಂಡಿಗೆ ಚನ್ನಪ್ಪ ಇನ್ನೂ ಸ್ವಲ್ಪ ಕುಂಟುತ್ತಲೇ ಬಂದ. ಬೇಕಾದ್ದಕ್ಕಿಂತ ತುಸು ಹೆಚ್ಚೇ ಕುಂಟಿದ. ಮೂಲೆಯ ಮೇಜಿನಲ್ಲಿ ಅವನಿಗಾಗಿ ಕಾಸಿಂ ಕುಂಞಿ ಕಾದಿದ್ದ. ಫಹಾಹೀಲ್‌ನಲ್ಲಿ ದಿನಸಿ ಅಂಗಡಿ ಇಟ್ಟವನು. ಮಗಳು ಪಾತು ಬರುವ ವರ್ಷ ಮೊರಾವ್ನಿಕ್‌ಗೇ ಅರ್ಜಿ ಹಾಕುವವಳಿದ್ದಳು.

“ಅಲ್ಲ ಚನ್ನಪ್ಪಣ್ಣ, ಸೋಫಾ ಕಾಲ ಮೇಲೆ ಬಿದ್ದ ಮೇಲೆಯೇ ಸೀಟು ಸಿಕ್ಕಿದ್ದು ಅಂತ ಹೇಳ್ತಾರಲ್ಲ. ಹೌದಾ?”

ಚನ್ನಪ್ಪ ಬಾಯಿ ತೆರೆದ. ಇಡ್ಲಿ ಕೈಯಲ್ಲೇ ಇತ್ತು. ಸುತ್ತ ನೋಡಿದ; ಕಾಂಚನಾ ದೂರದಲ್ಲಿದ್ದಳು, ಚಿವುಟುವಷ್ಟು ಹತ್ತಿರವಿರಲಿಲ್ಲ.

“ಬಿತ್ತು ಅಂತ ತಿಳದೀರೇನು?” ಎಂದ, ದನಿ ತಗ್ಗಿಸಿ. “ಅದು ಅಲ್ಲಿಯ ಸಂಪ್ರದಾಯರೀ. ಭಾಳ ಹಳೇದು. ಮಂದಿಗೆ ಹೇಳಂಗಿಲ್ಲ.”

ಕಾಸಿಂ ಕುಂಞಿ ಜೇಬಿನಿಂದ ಪೆನ್ನು ತೆಗೆದ. “ಯಾವ ಕಾಲು?”

“ಬಲಗಾಲು. ಮತ್ತ ಸೋಫಾ ನಿಮ್ಮ ಸ್ವಂತದ್ದಿರಬೇಕು. ನೆರಮನಿಯವರದು ನಡಿಯಂಗಿಲ್ಲ.”

ಕಾಸಿಂ ಕುಂಞಿ ಗಂಭೀರವಾಗಿ ಬರೆದುಕೊಂಡ. ಬರೆದು, ಮೇಜನ್ನು ಮೂರು ಸಲ ಕುಟ್ಟಿದ.